ಪೆಲೆಟ್ ಸ್ಟವ್ ಪೈಪು: ಗೋಡೆಯಿಂದಲೋ, ಚಾವಣಿಯಿಂದಲೋ?

ಅಮೆರಿಕದ ಮ್ಯಾನುಫ್ಯಾಕ್ಚರ್ಡ್ ಮನೆಗೆ (ಕಾರ್ಖಾನೆಯಲ್ಲಿ ಕಟ್ಟಿ ತಂದು ಇಡುವ ಮನೆ, ಮೊಬೈಲ್ ಹೋಮ್ ಅಂತಲೂ ಕರೆಯುತ್ತಾರೆ) ಪೆಲೆಟ್ ಸ್ಟವ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆ ಉರಿಸಿ ಮನೆ ಬೆಚ್ಚಗಿಡುವ ಒಲೆ) ಕೂರಿಸುತ್ತಿದ್ದೀರಿ, ಹೊಗೆ ಪೈಪು ಎಲ್ಲಿಂದ ಹೊರಗೆ ಬಿಡಲಿ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಗೋಡೆಯೇ ಅಗ್ಗ. ಪೈಪು ಕಡಿಮೆ ಸಾಕು, ಪೈಪಿನ ಬೂದಿಯನ್ನು ನೆಲದ ಮೇಲೆ ನಿಂತೇ ತೆಗೆಯಬಹುದು. ಚಾವಣಿಗೆ ತೂತು ಕೊರೆದರೆ ಅದರ ಸುತ್ತ ನೀರು ಸೋರದಂತೆ ಬಿಗಿ ಮಾಡಬೇಕು. ಅಲ್ಲಿ ಎಡವಿದರೆ ಮಳೆಗಾಲವಿಡೀ ಬಕೆಟ್ ಇಡುವ ಕೆಲಸ.

ಕರೆಂಟು ಹೋದಾಗ ಮಾತ್ರ ಲೆಕ್ಕ ತಿರುಗುತ್ತದೆ. ಈ ಸ್ಟವ್‌ನಲ್ಲಿ ಹೊಗೆ ತಳ್ಳುವುದು ಫ್ಯಾನು. ಅದು ನಿಂತರೆ, ಅಡ್ಡ ಪೈಪಿನಲ್ಲಿ ಹೊಗೆ ಹಿಂದಕ್ಕೆ ಮನೆಯೊಳಗೇ ಬರಬಹುದು. ಮೇಲಕ್ಕೆ ಹೋಗುವ ಪೈಪು ಬಿಸಿ ಹೊಗೆಯನ್ನು ತಾನೇ ಎಳೆದುಕೊಳ್ಳುತ್ತದೆ. ಹಿಮಗಾಳಿಗೆ ಪದೇ ಪದೇ ಕರೆಂಟು ಹೋಗುವ ಊರಾದರೆ, ಅಥವಾ ಗೋಡೆಯಲ್ಲಿ ಹೊಗೆ ಒಳಗೆ ಬರಬಹುದಾದ ಕಿಟಕಿಗಳು ಜಾಸ್ತಿ ಇದ್ದರೆ, ಚಾವಣಿ ವಾಸಿ. ನಡುದಾರಿಯೂ ಇದೆ: ಗೋಡೆ ದಾಟಿಸಿ, ಹೊರಗೆ ಟೀ (T ಆಕಾರದ ಪೈಪು ಜೋಡಣೆ) ಹಾಕಿ, ಕೆಲವು ಅಡಿ ಮೇಲಕ್ಕೆ ಏರಿಸುವುದು. ನನಗೆ ಇದೇ ಇಷ್ಟ. ನೋಡೋಕೆ ಅಷ್ಟು ಚೆಂದ ಇರಲ್ಲ, ಅಷ್ಟೇ.

ಯಾವುದನ್ನೇ ಆರಿಸಿ, ಪೆಲೆಟ್‌ಗೆಂದೇ ಬರುವ 3 ಅಥವಾ 4 ಇಂಚಿನ ಪೈಪೇ ಹಾಕಿ. ಬಟ್ಟೆ ಡ್ರೈಯರ್ ಪೈಪು ಬೇಡವೇ ಬೇಡ. ಮೊಬೈಲ್ ಹೋಮ್‌ಗೆ ಒಪ್ಪಿಗೆ ಇರುವ ಸ್ಟವ್ ಕೊಳ್ಳಿ. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ತರಲು ಬೇರೆ ಪೈಪು, ಸ್ಟವ್ ಅನ್ನು ನೆಲಕ್ಕೆ ಬಿಗಿಯಲು ಬೋಲ್ಟು, ಚಾಸಿಗೆ (ಮನೆಯಡಿಯ ಉಕ್ಕಿನ ಚೌಕಟ್ಟು) ಅರ್ತಿಂಗ್, ಇವನ್ನು ಮರೆಯಬೇಡಿ.