ಎಡಿಸನ್‌ನ ಒಂದು ಟ್ಯಾಕ್ಸ್ ಆಫೀಸು: 1099 ಇರುವವರು ಹೋಗಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಆಫೀಸಿನ ಹೆಸರು ಬರೆಯುವುದಿಲ್ಲ. ಹೊಗಳುವುದರ ಜೊತೆ ಬೈಯುವುದೂ ಇದೆ, ಚಿಕ್ಕ ಆಫೀಸು ಬೇರೆ. ನ್ಯೂಜೆರ್ಸಿಯ ಎಡಿಸನ್ ಕಡೆ ದಿನಸಿ ಅಂಗಡಿಯೊಂದರ ಮೇಲೆ ಎರಡು ಕೋಣೆ, ಅಷ್ಟೇ. ನಡೆಸುವ ಮೇಡಂ ಎನ್‌ರೋಲ್ಡ್ ಏಜೆಂಟ್, ಅಂದರೆ ಪರೀಕ್ಷೆ ಪಾಸು ಮಾಡಿ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದಲೇ ಲೈಸೆನ್ಸ್ ಪಡೆದವರು. ಅವರಿಗೆ ಕನ್ನಡ ಬರುವುದಿಲ್ಲ. ಲೆಕ್ಕ ಬಿಡಿಸಿ ಹೇಳುವುದು ಮಾತ್ರ ಚೆನ್ನಾಗಿ ಬರುತ್ತದೆ.

ನಾನು ಎಚ್-4 ಇಎಡಿ (ಎಚ್-1ಬಿ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ಕೆಲಸದ ಪರವಾನಗಿ) ಮೇಲೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಡುತ್ತೇನೆ. ಸಂಬಳ ಅಲ್ಲ, ಕಾಂಟ್ರಾಕ್ಟ್ ಕೆಲಸ. (ಕಂಪನಿ ಕೊಡಿಸಿದ ಎಚ್-1ಬಿ ಮೇಲಿರುವವರು ಇದನ್ನು ಓದಿ ಸೈಡಲ್ಲಿ ಏನಾದರೂ ಶುರು ಮಾಡಬೇಡಿ, ನಿಮ್ಮ ವೀಸಾ ಒಪ್ಪುವುದಿಲ್ಲ.) ಕೆಲಸ ಕೊಡುವವರು ನಮ್ಮ ಹೆಸರು, ಟ್ಯಾಕ್ಸ್ ನಂಬರ್ ಇರುವ ಡಬ್ಲ್ಯು-9 ಫಾರ್ಮ್ ತುಂಬಿಸಿಕೊಳ್ಳುತ್ತಾರೆ, ಆಮೇಲೆ ಒಂದು ಸೆಂಟೂ ಹಿಡಿಯದೆ ಪೂರ್ತಿ ದುಡ್ಡು ಕೊಡುತ್ತಾರೆ. ಜನವರಿ ಕೊನೆಗೆ 1099-ಎನ್‌ಇಸಿ ಬರುತ್ತದೆ, ಅಂದರೆ ಹೋದ ವರ್ಷ ನಮಗೆ ಎಷ್ಟು ಕೊಟ್ಟರು ಅಂತ ತೋರಿಸುವ ಫಾರ್ಮ್. ಅದರ ಮೇಲೆ ಎಷ್ಟು ಕಟ್ಟಬೇಕು, ಯಾಕೆ ಅಷ್ಟು ಅಂತ ಯಾರಾದರೂ ಎದುರು ಕೂತು ಹೇಳಲಿ ಅನ್ನುವುದಷ್ಟೇ ನನ್ನ ಆಸೆಯಾಗಿತ್ತು. ಅದಕ್ಕೂ ಮುಂಚೆ ಇನ್ನೊಂದು ಕಡೆ ಕೇಳಿದಾಗ, ರೀಫಂಡ್‌ನಲ್ಲಿ ಇಷ್ಟು ಪರ್ಸೆಂಟ್ ನಮಗೆ ಕೊಡಿ, ಉಳಿದದ್ದು ನೀವು ತಲೆ ಕೆಡಿಸಿಕೊಳ್ಳಬೇಡಿ ಅಂದಿದ್ದರು. ಹಾಗೆ ಕೇಳುವವರ ಹತ್ತಿರ ಹೋಗಲೇಬೇಡಿ. ರಿಟರ್ನಿನ ಮೇಲೆ ತಮ್ಮ ಸಹಿ, ಪಿಟಿಐಎನ್ ನಂಬರ್ (ದುಡ್ಡು ತೆಗೆದುಕೊಂಡು ರಿಟರ್ನ್ ತುಂಬುವವರಿಗೆ ಐಆರ್‌ಎಸ್ ಕೊಡುವ ನಂಬರ್) ಹಾಕಲು ಹಿಂದೆಮುಂದೆ ನೋಡುವವರ ಹತ್ತಿರವೂ ಬೇಡ.

ಇಲ್ಲಿ ನನಗೆ ಇಷ್ಟವಾಗಿದ್ದು ಮೇಜಿನ ಮೇಲಿದ್ದ ಎರಡನೇ ಮಾನಿಟರ್. ಅದು ಗಿರಾಕಿಯ ಕಡೆ ತಿರುಗಿರುತ್ತದೆ, ಅವರು ಟೈಪ್ ಮಾಡಿದ್ದೆಲ್ಲ ನಮಗೆ ಕಾಣುತ್ತದೆ. ನನ್ನ ಅಂಕಿ ಹಾಕುವ ಮುಂಚೆ ಉದಾಹರಣೆಗೆ ಅಂತ ಒಂದು ಲೆಕ್ಕ ಮಾಡಿ ತೋರಿಸಿದರು. ಖರ್ಚು ಕಳೆದು ಉಳಿದ ಲಾಭ 40,000 ಡಾಲರ್ ಅಂದುಕೊಳ್ಳಿ. ಅದರಲ್ಲಿ 92.35% ತೆಗೆದುಕೊಂಡರೆ 36,940. ಅದರ ಮೇಲೆ 15.3% ಅಂದರೆ ಸುಮಾರು 5,652 ಡಾಲರ್. ಇದು ಬರೀ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್. ಇನ್‌ಕಮ್ ಟ್ಯಾಕ್ಸ್ ಇದರ ಮೇಲೆ ಬೇರೆ!

ಈ 15.3 ಎಲ್ಲಿಂದ ಬಂತು ಅಂದರೆ ಸೋಶಿಯಲ್ ಸೆಕ್ಯುರಿಟಿಗೆ, ಅಂದರೆ ಸರ್ಕಾರದ ಪಿಂಚಣಿಗೆ 12.4, ವಯಸ್ಸಾದವರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 2.9. ಸಂಬಳದವರಿಗೂ ಇದು ಇದ್ದೇ ಇದೆ, ಆದರೆ ಅರ್ಧ ಕಂಪನಿ ಕಟ್ಟುತ್ತದೆ, ಇನ್ನರ್ಧ ಸಂಬಳ ಕೈಗೆ ಬರುವ ಮೊದಲೇ ಹಿಡಿದಿರುತ್ತಾರೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ಅದೇ 40,000 ಸಂಬಳವಾಗಿದ್ದರೆ ನನ್ನ ಪಾಲು 3,060 ಮಾತ್ರ. ಕಾಂಟ್ರಾಕ್ಟ್ ಮಾಡುವವರು ಮಾಲೀಕರೂ ಹೌದು, ಕೆಲಸದವರೂ ಹೌದು, ಎರಡೂ ಪಾಲು ನಮ್ಮದೇ. ಅದಕ್ಕೇ ಸ್ವಲ್ಪ ರಿಯಾಯಿತಿ ಇದೆ: ಮೊದಲು ಆ 92.35%, ಆಮೇಲೆ ಕಟ್ಟಿದ್ದರ ಅರ್ಧವನ್ನು ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಆದಾಯದಿಂದ ಕಳೆಯಬಹುದು.

ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಒಂದು ಮಾತಿದೆಯಲ್ಲ, 600 ಡಾಲರ್ ಒಳಗಿದ್ದರೆ ಏನೂ ಕಟ್ಟಬೇಕಿಲ್ಲ ಅಂತ. ಅದು ಸುಳ್ಳು. 600 ಅನ್ನುವುದು ದುಡ್ಡು ಕೊಟ್ಟವರು ಫಾರ್ಮ್ ಕಳಿಸಲು ಇದ್ದ ಮಿತಿ, 2026ರಿಂದ ಕೊಡುವ ದುಡ್ಡಿಗೆ ಅದೂ 2,000ಕ್ಕೆ ಏರಿದೆ. ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸಿಗೆ ನಮ್ಮ ಮಿತಿ ವರ್ಷಕ್ಕೆ 400 ಡಾಲರ್ ಲಾಭ, ಫಾರ್ಮ್ ಬರಲಿ ಬಿಡಲಿ.

ಖರ್ಚಿನ ವಿಷಯದಲ್ಲಿ ಮೇಡಂ ಕಟ್ಟುನಿಟ್ಟು. ಟ್ಯಾಬ್ಲೆಟ್, ಸಾಫ್ಟ್‌ವೇರ್ ಚಂದಾ, ಬಣ್ಣ, ಕಾಗದ ಎಲ್ಲ ಸರಿ. ಕೆಲಸದ ಕೋಣೆಗೆ ಸುಲಭದ ದಾರಿ ಹಿಡಿದರು, ಚದರ ಅಡಿಗೆ 5 ಡಾಲರ್, 300 ಅಡಿವರೆಗೆ. ನನ್ನದು ಹತ್ತು ಅಡಿ, ಹನ್ನೆರಡು ಅಡಿ ಕೋಣೆ, 600 ಡಾಲರ್ ಆಯಿತು. ಆದರೆ ಆ ಕೋಣೆಯಲ್ಲಿ ನೆಂಟರು ಮಲಗುತ್ತಾರಾ ಅಂತ ಕೇಳಿದರು ನೋಡಿ! ಮಲಗುವುದಾದರೆ ಆ ಜಾಗ ಲೆಕ್ಕಕ್ಕಿಲ್ಲವಂತೆ, ಬರೀ ಕೆಲಸಕ್ಕೇ ಇರಬೇಕು. ನಮ್ಮ ಮನೆಗೆ ಊರಿಂದ ಬಂದವರು ಹಾಲ್‌ನಲ್ಲಿ ಮಲಗುವುದರಿಂದ ಬಚಾವು.

ಇನ್ನು ಕಂತು. ನಮ್ಮ ದುಡ್ಡಿನಲ್ಲಿ ಯಾರೂ ಟ್ಯಾಕ್ಸ್ ಹಿಡಿಯುವುದಿಲ್ಲವಲ್ಲ, ಅದಕ್ಕೇ ನಾವೇ ಮುಂಗಡವಾಗಿ ಕಂತಿನಲ್ಲಿ ಕಟ್ಟಬೇಕು. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಮುಂದಿನ ಜನವರಿ 15. ಮೂರು ಮೂರು ತಿಂಗಳಿಗೊಮ್ಮೆ ಅಂತ ಹೆಸರಿಗೆ ಮಾತ್ರ, ಏಪ್ರಿಲ್ ಆದಮೇಲೆ ಎರಡೇ ತಿಂಗಳಿಗೆ ಜೂನ್ ಬಂದು ಕುತ್ತಿಗೆ ಹಿಡಿಯುತ್ತದೆ. ವರ್ಷದ ಕೊನೆಗೆ 1,000 ಡಾಲರ್ ಅಥವಾ ಜಾಸ್ತಿ ಬಾಕಿ ಬರುತ್ತದೆ ಅಂತಿದ್ದರೆ ಕಂತು ಕಟ್ಟಬೇಕು. ಇಲ್ಲದಿದ್ದರೆ ಬಡ್ಡಿಯ ಲೆಕ್ಕದಲ್ಲಿ ದಂಡ, 2025ರಲ್ಲಿ ಅದು ವರ್ಷಕ್ಕೆ 7%. ಹೋದ ವರ್ಷದ ಒಟ್ಟು ಟ್ಯಾಕ್ಸಿನಷ್ಟು ಈ ವರ್ಷ ಸಮಯಕ್ಕೆ ಕಟ್ಟಿಬಿಟ್ಟರೆ, ಎಷ್ಟೇ ದುಡಿದಿರಲಿ, ದಂಡ ಇಲ್ಲ. ಆದಾಯ 1,50,000 ಡಾಲರ್ ದಾಟಿದ್ದವರಿಗೆ ಮಾತ್ರ ಅದು 110%. ಕಟ್ಟುವುದಕ್ಕೆ ಐಆರ್‌ಎಸ್‌ನ ಡೈರೆಕ್ಟ್ ಪೇ ಇದೆ, ಇಲ್ಲಿನ ಬ್ಯಾಂಕ್ ಖಾತೆಯಿಂದ ನೇರ ಹೋಗುತ್ತದೆ, ಶುಲ್ಕ ಇಲ್ಲ. ಒಂದೇ ಸೂಚನೆ: ಗುರುತಿಗೆ ಅಂತ ಅದು ಹಳೆಯ ವರ್ಷದ ರಿಟರ್ನ್ ವಿವರ ಕೇಳುತ್ತದೆ, ಆ ರಿಟರ್ನಿನಲ್ಲಿದ್ದ ವಿಳಾಸವನ್ನೇ ಕೊಡಬೇಕು. ಮನೆ ಬದಲಾಯಿಸಿದವರು ಇಲ್ಲಿ ಒದ್ದಾಡುತ್ತಾರೆ.

ಆದರೆ ನಿಜವಾಗಿ ದುಡ್ಡು ಕೊಟ್ಟಿದ್ದು ಸಾರ್ಥಕ ಅನಿಸಿದ್ದು ಇದಕ್ಕೆ. ಮನೆಯವರಿಗೆ ಸಂಬಳ ಇದೆ ತಾನೇ, ಅವರು ಕಂಪನಿಗೆ ಕೊಡುವ, ಸಂಬಳದಲ್ಲಿ ಎಷ್ಟು ಟ್ಯಾಕ್ಸ್ ಹಿಡಿಯಬೇಕು ಅಂತ ತಿಳಿಸುವ ಡಬ್ಲ್ಯು-4 ಫಾರ್ಮಿನ 4(ಸಿ) ಸಾಲಿನಲ್ಲಿ ಪ್ರತಿ ಸಂಬಳಕ್ಕೆ ಇಷ್ಟು ಜಾಸ್ತಿ ಹಿಡಿಯಿರಿ ಅಂತ ಬರೆದುಕೊಡಿ, ಕಂತಿನ ಗೊಡವೆಯೇ ಬೇಡ ಅಂದರು. ಜಂಟಿ ರಿಟರ್ನ್ ಹಾಕುವವರಿಗೆ ಇದು ನಡೆಯುತ್ತದೆ. ಸಂಬಳದಲ್ಲಿ ಹಿಡಿದದ್ದನ್ನು ವರ್ಷಪೂರ್ತಿ ಸಮವಾಗಿ ಕಟ್ಟಿದಂತೆ ಲೆಕ್ಕ ಹಿಡಿಯುತ್ತಾರಂತೆ, ಡಿಸೆಂಬರಿನಲ್ಲಿ ಹಿಡಿಸಿದರೂ! ಇಷ್ಟು ವರ್ಷ ಅಮೆರಿಕದಲ್ಲಿದ್ದು ಒಬ್ಬರೂ ನಮಗೆ ಇದನ್ನು ಹೇಳಿರಲಿಲ್ಲ.

ಈಗ ಬೈಗುಳ. ಮುಂದಿನ ಕೋಣೆಯಲ್ಲಿ ಕೂರುವ ಹುಡುಗ ಬಂದವರಿಗೆಲ್ಲ ಎಲ್‌ಎಲ್‌ಸಿ (ರಾಜ್ಯದಲ್ಲಿ ನೋಂದಾಯಿಸುವ ಒಂದು ಬಗೆಯ ಕಂಪನಿ) ಮಾಡಿಸಿ, ಟ್ಯಾಕ್ಸ್ ಉಳಿಯುತ್ತದೆ ಅಂತ ಗಂಟು ಬೀಳುತ್ತಾನೆ. ಒಳಗೆ ಹೋಗಿ ಕೇಳಿದರೆ ಮೇಡಂ, ಒಬ್ಬರೇ ಇರುವ ಎಲ್‌ಎಲ್‌ಸಿಗೂ ಲಾಭ-ಖರ್ಚು ತೋರಿಸುವ ಅದೇ ಶೆಡ್ಯೂಲ್ ಸಿ ಫಾರ್ಮ್, ಅದೇ 15.3, ಏನೂ ಉಳಿಯುವುದಿಲ್ಲ ಅನ್ನುತ್ತಾರೆ. ಹಾಗಾದರೆ ಅವನನ್ನು ಸುಮ್ನೆ ಕೂರಿಸಬಾರದಾ? ನ್ಯೂಜೆರ್ಸಿಯಲ್ಲಿ ನೋಂದಣಿಗೇ 125 ಡಾಲರ್, ಆಮೇಲೆ ವರ್ಷ ವರ್ಷ 75. ಎಷ್ಟು ಜನ ಸುಮ್ನೆ ಕಟ್ಟಿ ಹೋಗಿದ್ದಾರೋ. ಮಾರ್ಚ್‌ನಲ್ಲಿ ಫೋನ್ ಎತ್ತುವುದಿಲ್ಲ, ಇಮೇಲ್‌ಗೆ ಉತ್ತರ ಬರುವ ಹೊತ್ತಿಗೆ ಪ್ರಶ್ನೆಯೇ ಮರೆತಿರುತ್ತದೆ. ಶುಲ್ಕವೂ ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಆಯಿತು, ರಾಜ್ಯದ ರಿಟರ್ನ್ ಬೇರೆ ಅಂತ ಆಮೇಲೆ ಹೇಳಿದರು.

ಇನ್ನೊಂದು ವಿಷಯ ನಾನೇ ಕೇಳಿ ತಿಳಿದುಕೊಂಡೆ, ಅವರಾಗಿ ಹೇಳಲಿಲ್ಲ. ಊರಿಗೆ ವಾಪಸ್ ಹೋಗುವ ಯೋಚನೆ ಇರುವವರು ನೋಡಿ. ಇಲ್ಲಿ ಸೋಶಿಯಲ್ ಸೆಕ್ಯುರಿಟಿ ಪಿಂಚಣಿಗೆ 40 ಕ್ರೆಡಿಟ್ (ದುಡಿಮೆಯ ಲೆಕ್ಕದಲ್ಲಿ ಸಿಗುವ ಅಂಕ) ಬೇಕು, ವರ್ಷಕ್ಕೆ ಹೆಚ್ಚೆಂದರೆ 4, ಅಂದರೆ ಕಡಿಮೆ ಅಂದರೂ ಹತ್ತು ವರ್ಷ. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದ ಇಲ್ಲ, ಅಲ್ಲಿ ದುಡಿದ ವರ್ಷಗಳನ್ನು ಇಲ್ಲಿಗೆ ಸೇರಿಸಿಕೊಳ್ಳುವಂತಿಲ್ಲ. ಎಂಟು ವರ್ಷಕ್ಕೆ ಹೊರಟರೆ ಕಟ್ಟಿದ 12.4 ಅಲ್ಲೇ ಉಳಿಯಿತು ಅಂತ.

ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಒಂದು ಕಳೆದದ್ದು ಹುಡುಗನಿಗೆ. ಒಂದೇ 1099, ಹೇಳಿಕೊಳ್ಳುವಂಥ ಖರ್ಚಿಲ್ಲ ಅನ್ನುವವರು ಹೋಗುವುದು ಬೇಡ, ಈ 15.3ರ ಲೆಕ್ಕ ಹಾಕುವ ಶೆಡ್ಯೂಲ್ ಎಸ್‌ಇ ಫಾರ್ಮ್ ನೀವೇ ತುಂಬಬಹುದು. ಮೊದಲ ವರ್ಷದವರು, ಮನೆಯಲ್ಲಿ ಒಬ್ಬರಿಗೆ ಸಂಬಳ ಒಬ್ಬರಿಗೆ ಕಾಂಟ್ರಾಕ್ಟ್ ಇರುವವರು ಒಂದು ಸಲ ಹೋಗಿ ಬನ್ನಿ. ನವೆಂಬರಿನಲ್ಲೇ ಹೋಗಿ, ಡಬ್ಲ್ಯು-4 ಬದಲಾಯಿಸಲು ಇನ್ನೂ ಸಮಯ ಇರುತ್ತದೆ, ಮೇಡಂ ಕೂಡ ಆರಾಮಾಗಿ ಕೂತು ಮಾತಾಡುತ್ತಾರೆ.