ಇಮೇಲ್ ಚಂದಾ ಸಾಕಾ, ಫೀಡ್ ಬೇಕಾ?

ನೀವು ಓದುವ ತಾಣ ಒಂದೆರಡೇ ಇದ್ದರೆ ಇಮೇಲ್ ಚಂದಾ ಸಾಕು, ಹೊಸ ಬರಹ ಮೇಲ್‌ಗೇ ಬರುತ್ತದೆ. ಹೊಸದಾಗಿ ಕಲಿಯುವುದು ಏನೂ ಇಲ್ಲ. ಆದರೆ ವಿಳಾಸ ಕೊಡಲೇಬೇಕು, ಬ್ಯಾಂಕ್ ಮೇಲ್‌ಗಳ ನಡುವೆ ಒಳ್ಳೆಯ ಬರಹ ಕಳೆದುಹೋಗುವುದೇ ಜಾಸ್ತಿ.

ಹತ್ತಾರು ತಾಣ ಓದುವವರಿಗೆ ಆರ್‌ಎಸ್‌ಎಸ್ ಫೀಡೇ ಸರಿ. ಫೀಡ್ ಎಂದರೆ ತಾಣವೊಂದರ ಹೊಸ ಬರಹಗಳ ಪಟ್ಟಿ; ಫೀಡ್ ಓದುವ ಆ್ಯಪ್‌ಗೆ ಅದರ ವಿಳಾಸ ಕೊಟ್ಟರೆ ಎಲ್ಲ ತಾಣಗಳ ಹೊಸ ಬರಹ ಒಂದೇ ಕಡೆ ಸಿಗುತ್ತದೆ. ತಾಣಕ್ಕೆ ನಿಮ್ಮ ಇಮೇಲ್ ಗೊತ್ತಾಗುವುದಿಲ್ಲ. ಬೇಡವಾದರೆ ಅಳಿಸಿದರೆ ಮುಗಿಯಿತು. ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಕಟ್ಟಿದ ತಾಣವಾದರೆ ತಾಣದ ವಿಳಾಸದ ಕೊನೆಗೆ ಇಂಗ್ಲಿಷಿನಲ್ಲಿ ಸ್ಲ್ಯಾಶ್ ಹಾಕಿ ಫೀಡ್ (/feed) ಎಂದು ಟೈಪ್ ಮಾಡಿ, ಸಾಮಾನ್ಯವಾಗಿ ಫೀಡ್ ಸಿಗುತ್ತದೆ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ!

ಆ್ಯಪ್ ಆರಿಸುವಾಗ ಮಾತ್ರ ಹುಷಾರು. ಅಷ್ಟು ಜನ ನೆಚ್ಚಿಕೊಂಡಿದ್ದ, ಫೀಡ್ ಓದುವ ಸೇವೆ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತೇಹೋಯಿತು. ಹಾಗಾಗಿ ನಿಮ್ಮ ಫೀಡ್‌ಗಳ ಪಟ್ಟಿಯನ್ನು ಒಪಿಎಂಎಲ್ ಫೈಲ್ (ಬೇರೆ ಆ್ಯಪ್‌ಗೂ ಹಾಕಿಕೊಳ್ಳಬಹುದಾದ ಪಟ್ಟಿಯ ಫೈಲ್) ಆಗಿ ಹೊರತೆಗೆಯಲು ಬಿಡುವ ಆ್ಯಪನ್ನೇ ಹಿಡಿಯಿರಿ. ಫೀಡ್ಲಿ, ಥಂಡರ್‌ಬರ್ಡ್ ಎರಡರಲ್ಲೂ ಆ ಸೌಲಭ್ಯ ಇದೆ.