ಬಾಲಮೂಳೆಗೆ ಪೆಟ್ಟು ಬಿದ್ದರೆ ದಯವಿಟ್ಟು ತಿಕ್ಕಿಸಬೇಡಿ

ಮಳೆಗಾಲದಲ್ಲಿ ಒದ್ದೆ ಗ್ರಾನೈಟ್ ಮೆಟ್ಟಿಲ ಮೇಲೆ ಜಾರಿ ಕುಂಡಿಯೂರಿ ಬಿದ್ದ ಹೆಣ್ಣುಮಗಳೊಬ್ಬರು ಮರುದಿನವೇ ಬಿಸಿ ಎಣ್ಣೆ ಹಚ್ಚಿಸಿ ಗಟ್ಟಿಯಾಗಿ ತಿಕ್ಕಿಸಿಕೊಂಡರು. ಆಮೇಲೆ ಮೆಡಿಕಲ್ ಶಾಪಿನಿಂದ ಟ್ಯೂಬ್ ಥರದ ದಿಂಬು ತಂದು, ಅದರ ಮೇಲೆ ಕೂತೇ ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ದಿನಾ ಆಫೀಸಿಗೆ ಓಡಾಡಿದರು. ವಾರಗಳಲ್ಲಿ ಇಳಿಯಬೇಕಿದ್ದ ನೋವು ತಿಂಗಳುಗಟ್ಟಲೆ ಉಳಿಯಿತು. ಬೆಂಗಳೂರಿನಲ್ಲಿ ಇದು ಅಪರೂಪವೇನಲ್ಲ, ಅದಕ್ಕೇ ಬರೆಯುತ್ತಿರುವುದು.

ಹೊಸ ಪೆಟ್ಟಿಗೆ ಶಾಖ ಕೊಟ್ಟು ತಿಕ್ಕಿದರೆ ಬಾವು ಹೆಚ್ಚುತ್ತದೆ. ಬಾಲಮೂಳೆ, ಅಂದರೆ ಬೆನ್ನೆಲುಬಿನ ಕೊನೆಯ ತುದಿ, ಬಿರುಕು ಬಿಟ್ಟಿದ್ದರೆ ಒತ್ತಿದಷ್ಟೂ ಕೆಡುಕು. ಮೊದಲ 2–3 ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ, ಒಂದು ಸಲಕ್ಕೆ 15–20 ನಿಮಿಷ, ದಿನಕ್ಕೆ ಮೂರ್ನಾಲ್ಕು ಬಾರಿ ಇಡಿ. ಬಿಸಿನೀರು ಏನಿದ್ದರೂ ಆಮೇಲೆ.

ದಿಂಬಿನ ವಿಷಯದಲ್ಲೇ ಹೆಚ್ಚು ಜನ ಎಡವುವುದು. ನಡುವೆ ತೂತಿರುವ ದಿಂಬಿನಲ್ಲಿ ಬಾಲಮೂಳೆ ಎಷ್ಟೋ ಸಲ ತೂತಿನ ಮೇಲೆ ಬರುವುದಿಲ್ಲ, ಹಿಂದಿನ ಅಂಚಿನ ಮೇಲೇ ಕೂರುತ್ತದೆ. ಹಿಂಬದಿಯಲ್ಲಿ ಯು ಆಕಾರಕ್ಕೆ ಕತ್ತರಿಸಿದ, ಹಿಂದಿನಿಂದ ಮುಂದಕ್ಕೆ ಇಳಿಜಾರಿರುವ ಗಟ್ಟಿ ಫೋಮ್ ದಿಂಬು ಕೇಳಿ. ಕತ್ತರಿಸಿದ ಬದಿ ಬೆನ್ನಿನ ಕಡೆಗೇ ಇರಲಿ. ಹಿಂದಕ್ಕೊರಗಿ ಜಾರಿ ಕೂತರೆ ಭಾರವೆಲ್ಲ ಬಾಲಮೂಳೆಗೆ, ಸ್ವಲ್ಪ ಮುಂದಕ್ಕೆ ಬಾಗಿದರೆ ತೊಡೆಗಳಿಗೂ ಕೂತಾಗ ಕುಂಡಿಯ ಕೆಳಗೆ ಊರುವ ಎರಡು ಮೂಳೆಗಳಿಗೂ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಏಳುವಾಗಲೂ ಮೊದಲು ಮುಂದೆ ಬಾಗಿ ಏಳಿ. ಬಿಎಂಟಿಸಿಯ ಕೊನೆಯ ಸೀಟು, ಸ್ಕೂಟರಿನ ಹಿಂದಿನ ಸೀಟು ಕೆಲವು ವಾರ ಬೇಡವೇ ಬೇಡ. ನಮ್ಮ ಹಂಪುಗಳ ಒಂದೊಂದು ಕುಲುಕೂ ನೇರವಾಗಿ ಅಲ್ಲಿಗೇ ಬಡಿಯುತ್ತದೆ.

ಮಲಬದ್ಧತೆ ಆಗಗೊಡಬೇಡಿ, ತಿಣುಕಿದರೆ ನೋವು ಕೆರಳುತ್ತದೆ. ನೀರು, ಸೊಪ್ಪು, ರಾಗಿ ಹೆಚ್ಚಿಸಿ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಮಲ ಗಟ್ಟಿಮಾಡುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಇನ್ನೊಂದು ನೋವಿನ ಮಾತ್ರೆಯಾದ ಐಬುಪ್ರೊಫೆನನ್ನು ಡಾಕ್ಟರನ್ನು ಕೇಳದೆ ನುಂಗಬಾರದು.

ಮುರಿದಿದ್ದರೂ ಇಲ್ಲಿಗೆ ಪ್ಲಾಸ್ಟರ್ ಹಾಕಲಾಗದು. ಬರೀ ಪೆಟ್ಟಾದರೆ ಸುಮಾರು 4 ವಾರ, ಮುರಿದಿದ್ದರೆ 8–12 ವಾರ ಹಿಡಿಯುತ್ತದೆ. ಅದಕ್ಕೂ ಮೀರಿದರೆ ಮೂಳೆ ಡಾಕ್ಟರನ್ನು ಕಾಣಿ. ನಿಂತಾಗಿನ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು. ಕೂತು ತೆಗೆಸಿದ ಪಕ್ಕದ ನೋಟದೊಂದಿಗೆ ಹೋಲಿಸಿದಾಗ ಮೂಳೆ ಅತಿಯಾಗಿ ಅಲ್ಲಾಡುವುದು ಗೊತ್ತಾಗುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ಆ ಹಂತದ ಮಾತು, ಆಪರೇಷನ್ ಕಟ್ಟಕಡೆಗೆ.

ಜ್ವರ ಬಂದರೆ, ಪೃಷ್ಠದ ಸೀಳಿನಲ್ಲಿ ಕೀವುಗಡ್ಡೆ ಎದ್ದರೆ ತಡಮಾಡದೆ ತೋರಿಸಿ. ಒಳತೊಡೆ, ಗುದದ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ, ಕಾಲಿನ ಬಲ ಕುಂದಿದರೆ ಬೆಳಗಾಗಲಿ ಎನ್ನಬೇಡಿ. ನರಗಳು ಒತ್ತಿಕೊಂಡಿರಬಹುದು, ಆ ರಾತ್ರಿಯೇ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.